ಮರುಸ್ಥಾಪನೆಯಿಲ್ಲದೆ ಲಿನಕ್ಸ್ ವಿತರಣೆ ಬದಲಿಸುವುದು: ಸಿಲ್ವರ್‌ಬ್ಲೂನಿಂದ ಕಿನೊಯ್ಟ್‌ಗೆ, ಅಲ್ಲಿಂದ ಮುಂದಕ್ಕೆ

ಒಂದು ಲಿನಕ್ಸ್ ವಿತರಣೆಯಿಂದ ಇನ್ನೊಂದಕ್ಕೆ ಹೋಗುವುದೆಂದರೆ ಪೆನ್‌ಡ್ರೈವ್ ಸಿದ್ಧಪಡಿಸುವುದು, ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡುವುದು, ಇದ್ದದ್ದನ್ನು ಅಳಿಸಿ ಹೊಸದನ್ನು ಸ್ಥಾಪಿಸುವುದು, ಆಮೇಲೆ ಒಂದು ಭಾನುವಾರವಿಡೀ ಕೂತು ಫಾಂಟು, ಪ್ರಿಂಟರು, ಬ್ರೌಸರುಗಳನ್ನು ಮತ್ತೆ ಹೊಂದಿಸಿಕೊಳ್ಳುವುದು ಎಂದೇ ಹೆಚ್ಚಿನವರ ಅನುಭವ. ಸಾಮಾನ್ಯ ವಿತರಣೆಗಳ ಮಟ್ಟಿಗೆ ಇದು ಇಂದಿಗೂ ನಿಜ. ಉಬುಂಟು ಇರುವ ಯಂತ್ರದಲ್ಲಿ ಪ್ಯಾಕೇಜ್ ಮೂಲಗಳ ಪಟ್ಟಿಯನ್ನು ತಿದ್ದಿ ಅದನ್ನು ಡೆಬಿಯನ್ ಮಾಡಲು ಹೊರಟವರು ಸಾಮಾನ್ಯವಾಗಿ ಎರಡೂ ಅಲ್ಲದ ಒಂದು ಯಂತ್ರದೊಂದಿಗೆ ಉಳಿಯುತ್ತಾರೆ. ಸೆಂಟ್‌ಓಎಸ್ ಲಿನಕ್ಸ್ 8ಕ್ಕೆ 2021ರ ಡಿಸೆಂಬರ್ 31ರಂದು ಬೆಂಬಲ ನಿಂತಾಗ ಸಾಕಷ್ಟು ಸರ್ವರ್‌ಗಳು ಆಲ್ಮಾಲಿನಕ್ಸ್‌ಗೋ ರಾಕಿ ಲಿನಕ್ಸ್‌ಗೋ ಇದ್ದಲ್ಲೇ ಬದಲಾದವು. ಅದು ಸಾಧ್ಯವಾದದ್ದು ಆ ಮೂರೂ ರೆಡ್ ಹ್ಯಾಟ್‌ನ ಒಂದೇ ಮೂಲದಿಂದ ತಯಾರಾದ, ಹೆಚ್ಚುಕಡಿಮೆ ಒಂದೇ ಪ್ಯಾಕೇಜುಗಳಾಗಿದ್ದರಿಂದ. ಎಲ್ಲ ಕಡೆಯೂ ಆ ಅನುಕೂಲ ಇರುವುದಿಲ್ಲ.

ಆದರೆ ಫೆಡೋರಾದ ಅಟಾಮಿಕ್ ಡೆಸ್ಕ್‌ಟಾಪ್ ಕುಟುಂಬದಲ್ಲಿ ಈ ಬದಲಾವಣೆ ವ್ಯವಸ್ಥೆಯ ವಿನ್ಯಾಸದಲ್ಲೇ ಸೇರಿದೆ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಇರುವ ಸಿಲ್ವರ್‌ಬ್ಲೂ, ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್ ಇರುವ ಕಿನೊಯ್ಟ್, ಸ್ವೇ ಮತ್ತು ಬಡ್ಜಿ ಆವೃತ್ತಿಗಳು, ಇವುಗಳ ಮೇಲೆ ಯೂನಿವರ್ಸಲ್ ಬ್ಲೂ ಯೋಜನೆಯವರು ಕಟ್ಟಿದ ಬ್ಲೂಫಿನ್, ಅರೋರಾ, ಬಜೈಟ್ ಇವೆಲ್ಲ ಒಂದೇ ತಂತ್ರದ ಮೇಲೆ ನಿಂತಿವೆ. ಫೆಡೋರಾದವೇ ಆದ ಆವೃತ್ತಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದು ಆದೇಶ ಮತ್ತು ಒಂದು ಮರುಚಾಲನೆ ಸಾಕು, ಯೂನಿವರ್ಸಲ್ ಬ್ಲೂನವಕ್ಕೆ ಇದನ್ನೇ ಎರಡು ಬಾರಿ ಮಾಡಬೇಕು. ಈ ಲೇಖನದಲ್ಲಿ ಸಿಲ್ವರ್‌ಬ್ಲೂನಿಂದ ಕಿನೊಯ್ಟ್‌ಗೆ ಹೋಗುವುದನ್ನು ಉದಾಹರಣೆಯಾಗಿ ಹಿಡಿದು ಹೆಜ್ಜೆಹೆಜ್ಜೆಯಾಗಿ ವಿವರಿಸಿದ್ದೇನೆ. ಆದೇಶಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಅಕ್ಷರಗಳಲ್ಲಿ ಉಚ್ಚಾರದಂತೆ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ, ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಬೇಕು.

ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ

ಆದೇಶ ಕೊಡುವ ಮೊದಲು ಇದೊಂದನ್ನು ಮನಸ್ಸಿಗೆ ತಂದುಕೊಳ್ಳಬೇಕು, ಏಕೆಂದರೆ ಮುಂದೆ ಬರುವ ತೊಂದರೆಗಳಲ್ಲಿ ಬಹುಪಾಲು ಇದನ್ನು ಅರಿಯದೆ ಹುಟ್ಟುವಂಥವು. ಈ ವಿತರಣೆಗಳಲ್ಲಿ ಕಾರ್ಯಾಚರಣಾ ವ್ಯವಸ್ಥೆಯ ತಂತ್ರಾಂಶವೆಲ್ಲ ಯುಎಸ್‌ಆರ್ ಡೈರೆಕ್ಟರಿಯಲ್ಲಿ, ಓದಲು ಮಾತ್ರ ಅವಕಾಶವಿರುವಂತೆ ಇರುತ್ತದೆ. ವಿತರಣೆ ಬದಲಿಸಿದಾಗ ಇದು ಇಡಿಯಾಗಿ ಬದಲಾಗುತ್ತದೆ. ಹಳೆಯದರ ಚೂರು ಹೊಸದರೊಳಗೆ ಉಳಿಯುವ ಪ್ರಶ್ನೆಯೇ ಇಲ್ಲ. ವಾರ್ ಡೈರೆಕ್ಟರಿ ಇದಕ್ಕೆ ತದ್ವಿರುದ್ಧ: ಅದು ಒಂದೇ ಇರುತ್ತದೆ ಮತ್ತು ಅದನ್ನು ಯಾರೂ ಮುಟ್ಟುವುದಿಲ್ಲ. ನಿಮ್ಮ ಸ್ವಂತ ಕಡತಗಳಿರುವ ಹೋಮ್ ಡೈರೆಕ್ಟರಿ ವಾಸ್ತವದಲ್ಲಿ ವಾರ್‌ನ ಒಳಗೇ ಇದೆ. ಫ್ಲ್ಯಾಟ್‌ಪ್ಯಾಕ್ ಮೂಲಕ ಹಾಕಿಕೊಂಡ ಅಪ್ಲಿಕೇಶನ್‌ಗಳು, ಟೂಲ್‌ಬಾಕ್ಸ್ ಕಂಟೇನರ್‌ಗಳು ಕೂಡ ಅಲ್ಲಿಯೇ ಇರುವುದರಿಂದ ಅವು ಹಾಗೆಯೇ ಉಳಿಯುತ್ತವೆ.

ಇವೆರಡರ ನಡುವೆ ಇರುವುದು ಇಟಿಸಿ, ಅಂದರೆ ವ್ಯವಸ್ಥೆಯ ಸಂಯೋಜನಾ ಕಡತಗಳು. ಇದು ಪೂರ್ತಿ ಹೋಗುವುದೂ ಇಲ್ಲ, ಪೂರ್ತಿ ಉಳಿಯುವುದೂ ಇಲ್ಲ. ವಿತರಣೆಯು ಕೊಟ್ಟ ಮೂಲ ಕಡತವನ್ನು ನೀವು ಮುಟ್ಟದಿದ್ದರೆ ಹೊಸ ವಿತರಣೆಯ ಕಡತ ಅದರ ಜಾಗಕ್ಕೆ ಬರುತ್ತದೆ. ನೀವು ತಿದ್ದಿದ್ದರೆ ನಿಮ್ಮ ಕಡತವೇ ಉಳಿಯುತ್ತದೆ, ಹೊಸ ವಿತರಣೆಗೆ ಅದು ಹೊಂದಿದರೂ ಸರಿ, ಹೊಂದದಿದ್ದರೂ ಸರಿ. ಈ ಲೆಕ್ಕ ಕಡತದ ಮಟ್ಟದಲ್ಲಿ ನಡೆಯುವುದೇ ಹೊರತು ಸಾಲಿನ ಮಟ್ಟದಲ್ಲಲ್ಲ. ಒಂದು ಸಾಲು ತಿದ್ದಿದ್ದರೂ ಇಡೀ ಕಡತ ನಿಮ್ಮದೆಂದೇ ಗಣನೆಗೆ ಬರುತ್ತದೆ.

ಇಟಿಸಿಯ ಬಗ್ಗೆ ಇನ್ನೊಂದು ಮಾತು. ಹಳೆಯ ವಿತರಣೆಗೆ ಅದರದೇ ಇಟಿಸಿ, ಹೊಸದಕ್ಕೆ ಅದರದೇ ಇಟಿಸಿ ಇರುತ್ತದೆ. ಕಿನೊಯ್ಟ್‌ಗೆ ಬಂದ ಮೇಲೆ ನೀವು ಪಾಸ್‌ವರ್ಡ್ ಬದಲಿಸಿ, ಮರುದಿನ ಸಿಲ್ವರ್‌ಬ್ಲೂಗೆ ಹಿಂದಿರುಗಿದರೆ ಅಲ್ಲಿ ನಡೆಯುವುದು ಹಳೆಯ ಪಾಸ್‌ವರ್ಡೇ. ಹೊಸದರಲ್ಲಿ ಸೃಷ್ಟಿಸಿದ ಬಳಕೆದಾರರ ಹೆಸರು ಹಳೆಯದಕ್ಕೆ ಗೊತ್ತೇ ಇರುವುದಿಲ್ಲ, ಅವರ ಹೋಮ್ ಡೈರೆಕ್ಟರಿ ಮಾತ್ರ ಅನಾಥವಾಗಿ ಡಿಸ್ಕಿನಲ್ಲಿ ಕೂತಿರುತ್ತದೆ. ಪಾಸ್‌ವರ್ಡ್ ತಪ್ಪು ಎಂದು ಯಂತ್ರ ಪಟ್ಟುಹಿಡಿದಾಗ ಗಾಬರಿಯಾಗುವವರಿಗೆ ಈ ಒಂದು ತಿಳಿವಳಿಕೆ ಅರ್ಧ ಗಂಟೆ ಉಳಿಸುತ್ತದೆ.

ಸಿದ್ಧತೆ

ಮೊದಲು ಹೋಮ್ ಡೈರೆಕ್ಟರಿಯ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿ. ಹಿಂದಿರುಗುವ ಸೌಲಭ್ಯ ಇರುವಾಗ ಇದೇಕೆ ಎಂದು ಕೇಳಬಹುದು. ಹಿಂದಿರುಗುವುದು ವ್ಯವಸ್ಥೆ ಮಾತ್ರ, ನಿಮ್ಮ ಹೋಮ್ ಅಲ್ಲ. ಹೊಸ ವಿತರಣೆಯ ಅಪ್ಲಿಕೇಶನ್ ನಿಮ್ಮ ಸಂಯೋಜನಾ ಕಡತವನ್ನು ಕೆಡಿಸಿದರೆ, ಹಳೆಯ ವಿತರಣೆಗೆ ಹೋದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ನಂತರ ಟರ್ಮಿನಲ್ ತೆರೆದು ‘ಆರ್‌ಪಿಎಂ-ಓಎಸ್‌ಟ್ರೀ ಸ್ಟೇಟಸ್’ ಎಂದು ಕೊಡಿ. ಯಂತ್ರದಲ್ಲಿರುವ ವ್ಯವಸ್ಥೆಯ ಪ್ರತಿಗಳ, ಅಂದರೆ ಬೂಟ್ ಮಾಡಬಹುದಾದ ಇಡಿಯ ವ್ಯವಸ್ಥೆಗಳ, ಪಟ್ಟಿ ಕಾಣುತ್ತದೆ, ಈಗ ಚಾಲನೆಯಲ್ಲಿರುವುದರ ಮುಂದೆ ಒಂದು ಚುಕ್ಕೆಯಿರುತ್ತದೆ. ಆ ಚುಕ್ಕೆಯ ಕೆಳಗೆ ‘ಲೇಯರ್ಡ್ ಪ್ಯಾಕೇಜಸ್’ ಎಂಬ ಸಾಲು ಇದೆಯೇ ನೋಡಿ. ಮೂಲ ಪ್ರತಿಯ ಮೇಲೆ ನೀವಾಗಿ ಹೇರಿದ ಪ್ಯಾಕೇಜುಗಳು ಅಲ್ಲಿರುತ್ತವೆ. ವಿತರಣೆ ಬದಲಾದಾಗ ಇವನ್ನೆಲ್ಲ ಹೊಸ ಮೂಲದ ಮೇಲೆ ಮತ್ತೆ ಹೊಂದಿಸಲು ವ್ಯವಸ್ಥೆ ಪ್ರಯತ್ನಿಸುತ್ತದೆ, ಒಂದು ಹೊಂದದಿದ್ದರೂ ಇಡೀ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಫೆಡೋರಾದ ಹೊರಗಿನ ಆರ್‌ಪಿಎಂ ಫ್ಯೂಷನ್ ಭಂಡಾರದ ಪ್ಯಾಕೇಜನ್ನು ನಿರ್ದಿಷ್ಟ ಫೆಡೋರಾ ಆವೃತ್ತಿಗೆಂದು ಹಾಕಿಕೊಂಡವರು ಆವೃತ್ತಿ ಬದಲಿಸುವಾಗ ಮೊದಲು ಎಡವುವುದೇ ಇಲ್ಲಿ. ಈ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು, ‘ಆರ್‌ಪಿಎಂ-ಓಎಸ್‌ಟ್ರೀ ರೀಸೆಟ್’ ಕೊಟ್ಟು ಎಲ್ಲವನ್ನೂ ಕಳಚಿ, ಮರುಚಾಲನೆ ಮಾಡಿ, ಬರಿಯ ಮೂಲ ಪ್ರತಿಯೊಂದಿಗೆ ಹೊರಡುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಮುಂದೆ ಬೇಕೆನಿಸಿದ್ದನ್ನು ಮಾತ್ರ ಮತ್ತೆ ಹಾಕಿಕೊಂಡರಾಯಿತು, ಅರ್ಧಕ್ಕರ್ಧ ಬೇಕೆನಿಸುವುದೇ ಇಲ್ಲ.

ಇಟಿಸಿಯಲ್ಲಿ ನೀವು ಇದುವರೆಗೆ ಏನೇನು ತಿದ್ದಿದ್ದೀರಿ ಎಂಬುದನ್ನು ‘ಸುಡೊ ಓಎಸ್‌ಟ್ರೀ ಆಡ್ಮಿನ್ ಕಾನ್ಫಿಗ್-ಡಿಫ್’ ತೋರಿಸುತ್ತದೆ. ಪ್ರತಿ ಸಾಲಿನ ಆರಂಭದಲ್ಲಿ ಒಂದು ಅಕ್ಷರವಿರುತ್ತದೆ: ‘ಎಂ’ ಎಂದರೆ ತಿದ್ದಿದ್ದು, ‘ಎ’ ಎಂದರೆ ಸೇರಿಸಿದ್ದು, ‘ಡಿ’ ಎಂದರೆ ಅಳಿಸಿದ್ದು. ಪಟ್ಟಿ ಉದ್ದವಾಗಿಯೇ ಇರುತ್ತದೆ; ಪಾಸ್‌ವರ್ಡ್ ಕಡತ, ಯಂತ್ರದ ಹೆಸರು, ವೈ-ಫೈ ಸಂಪರ್ಕಗಳು ಇವೆಲ್ಲ ಬರುವುದು ಸಹಜ. ನಿಮ್ಮ ಕಣ್ಣು ಹುಡುಕಬೇಕಾದದ್ದು ಸೇವೆಗಳನ್ನು ಚಾಲನೆ ಮಾಡುವ ಸಿಸ್ಟಮ್‌ಡಿ ಕೆಳಗಿನ ಕೊಂಡಿಗಳನ್ನು (ಬೇರೊಂದು ಕಡತವನ್ನು ತೋರಿಸುವ ಕಡತಗಳನ್ನು), ಅದರಲ್ಲೂ ಯಾವ ಲಾಗಿನ್ ಪರದೆ ಬರಬೇಕೆಂದು ಹೇಳುವ ‘ಡಿಸ್‌ಪ್ಲೇ-ಮ್ಯಾನೇಜರ್’ ಹೆಸರಿನ ಕೊಂಡಿಯನ್ನು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಮೊದಲ ಬಾರಿ ಈ ಬದಲಾವಣೆಗೆ ಕೈಹಾಕಿದಾಗ ನನ್ನ ಸಿಲ್ವರ್‌ಬ್ಲೂನಲ್ಲಿ ಗ್ನೋಮ್‌ನ ಲಾಗಿನ್ ಪರದೆಯ ಬದಲು ಲೈಟ್‌ಡಿಎಂ ಹೇರಿಕೊಂಡಿದ್ದೆ, ಅದು ಮರೆತೂ ಹೋಗಿತ್ತು. ರೀಸೆಟ್ ಮಾಡಿ, ಮಧ್ಯೆ ಮರುಚಾಲನೆ ಮಾಡದೆ, ಒಂದೇ ಉಸಿರಿನಲ್ಲಿ ಕಿನೊಯ್ಟ್‌ಗೆ ಬದಲಿಸಿದೆ. ಯಂತ್ರ ಎದ್ದಿತು, ಬೂಟ್ ಸಾಲುಗಳು ಒಂದೊಂದಾಗಿ ಹರಿದವು, ಆಮೇಲೆ ಪರದೆ ಕಪ್ಪಾಗಿ ನಿಂತಿತು. ಲೈಟ್‌ಡಿಎಂ ರೀಸೆಟ್‌ನಲ್ಲಿ ಹೋಗಿತ್ತು, ಆದರೆ ಅದನ್ನು ತೋರಿಸುವ ಕೊಂಡಿ ನಾನು ತಿದ್ದಿದ್ದಾದ್ದರಿಂದ ಇಟಿಸಿಯಲ್ಲಿ ಹಾಗೆಯೇ ಉಳಿದುಕೊಂಡು ಹೊಸ ವಿತರಣೆಗೂ ಬಂದಿತ್ತು. ಹಳೆಯ ಪ್ರತಿಗೆ ಹೋಗಿ ಕೊಂಡಿಯನ್ನು ಸರಿಪಡಿಸಿ ಮತ್ತೆ ಹೊಸದಕ್ಕೆ ಬಂದೆ, ಆಗಲೂ ಕಪ್ಪು ಪರದೆಯೇ. ಎರಡಕ್ಕೂ ಬೇರೆ ಬೇರೆ ಇಟಿಸಿ ಎಂಬುದು ನನ್ನ ತಲೆಗೆ ಹೊಳೆದದ್ದು ಆಮೇಲೆ. ಕೊನೆಗೆ ಹೊಸ ಪ್ರತಿಯಲ್ಲೇ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ, ಅಕ್ಷರಗಳಷ್ಟೇ ಇರುವ ಪರದೆಯಲ್ಲಿ ಲಾಗಿನ್ ಆಗಿ, ‘ಸುಡೊ ಸಿಸ್ಟಮ್‌ಸಿಟಿಎಲ್ ಎನೇಬಲ್ --ಫೋರ್ಸ್ ಎಸ್‌ಡಿಡಿಎಂ’ ಎಂದು ಕೊಟ್ಟು ಮರುಚಾಲನೆ ಮಾಡಿದ ಮೇಲೆ ಪ್ಲಾಸ್ಮಾದ ಲಾಗಿನ್ ಪರದೆ ಬಂತು.

ಸಿದ್ಧತೆಯ ಕೊನೆಯ ಕೆಲಸ, ಈಗಿನ ಪ್ರತಿಯನ್ನು ಕಾಯ್ದಿಡುವುದು. ಸಾಮಾನ್ಯವಾಗಿ ವ್ಯವಸ್ಥೆಯು ಎರಡು ಪ್ರತಿಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ: ಈಗ ನಡೆಯುತ್ತಿರುವುದು ಮತ್ತು ಅದರ ಹಿಂದಿನದು. ಕಿನೊಯ್ಟ್‌ಗೆ ಹೋದ ಮೇಲೆ ಮೊದಲ ಅಪ್‌ಡೇಟ್ ಬಂದು ಕೂತೊಡನೆ ಸಿಲ್ವರ್‌ಬ್ಲೂ ಪಟ್ಟಿಯಿಂದ ಜಾರಿಹೋಗುತ್ತದೆ. ಅದಾಗದಂತೆ ‘ಸುಡೊ ಓಎಸ್‌ಟ್ರೀ ಆಡ್ಮಿನ್ ಪಿನ್ 0’ ಎಂದು ಕೊಡಿ. ಈ ಸೊನ್ನೆ ಸ್ಟೇಟಸ್ ಪಟ್ಟಿಯ ಮೊದಲ ಪ್ರತಿಯನ್ನು ಸೂಚಿಸುತ್ತದೆ. ನೀವು ಚಾಲನೆ ಮಾಡಿರುವುದು ಅದೇ ಎಂದು ಚುಕ್ಕೆ ನೋಡಿ ಖಚಿತಪಡಿಸಿಕೊಳ್ಳಿ. ಜೊತೆಗೆ ‘ಡಿಎಫ್ -ಎಚ್’ ಕೊಟ್ಟು ಡಿಸ್ಕಿನಲ್ಲಿ ಹತ್ತಿಪ್ಪತ್ತು ಜಿಬಿಯಾದರೂ ಖಾಲಿ ಇದೆಯೇ, ಬೂಟ್ ವಿಭಾಗ ತುಂಬಿಲ್ಲವೇ ನೋಡಿಕೊಳ್ಳಿ. ಪ್ರತಿಗಳ ನಡುವೆ ಸಮಾನವಾದ ಕಡತಗಳು ಡಿಸ್ಕಿನಲ್ಲಿ ಒಮ್ಮೆ ಮಾತ್ರ ಇರುತ್ತವೆಯಾದ್ದರಿಂದ ಜಾಗ ಅಂದುಕೊಂಡಷ್ಟು ಹೋಗುವುದಿಲ್ಲ. ಬೂಟ್ ವಿಭಾಗದಲ್ಲಿ ಮಾತ್ರ ಪ್ರತಿಯೊಂದು ಕರ್ನೆಲ್ಲಿಗೂ ಬೇರೆ ಜಾಗ ಬೇಕು, ಅಲ್ಲಿ 1 ಜಿಬಿ ಇರುವ ಯಂತ್ರಗಳಲ್ಲಿ ನಾಲ್ಕೈದು ಪ್ರತಿ ಕಾಯ್ದಿಟ್ಟರೆ ಇಕ್ಕಟ್ಟಾಗುತ್ತದೆ.

ಬದಲಾವಣೆ

ಫೆಡೋರಾದ ಭಂಡಾರದಲ್ಲಿ ಯಾವ ಯಾವ ಶಾಖೆಗಳಿವೆ ಎಂಬುದನ್ನು ‘ಓಎಸ್‌ಟ್ರೀ ರಿಮೋಟ್ ರೆಫ್ಸ್ ಫೆಡೋರಾ’ ಪಟ್ಟಿಮಾಡುತ್ತದೆ. ಪ್ರತಿ ಹೆಸರಿನಲ್ಲೂ ಆವೃತ್ತಿ, ಪ್ರೊಸೆಸರ್ ಬಗೆ, ಡೆಸ್ಕ್‌ಟಾಪ್ ಹೆಸರು ಇದೇ ಕ್ರಮದಲ್ಲಿ ಸ್ಲ್ಯಾಶ್‌ಗಳ ನಡುವೆ ಬರುತ್ತವೆ. ನೀವು ಫೆಡೋರಾ 42ರಲ್ಲಿ ಇದ್ದರೆ ಕೊಡಬೇಕಾದ ಆದೇಶ ಹೀಗಿದೆ:

‘ಆರ್‌ಪಿಎಂ-ಓಎಸ್‌ಟ್ರೀ ರೀಬೇಸ್ ಫೆಡೋರಾ:ಫೆಡೋರಾ/42/ಎಕ್ಸ್86_64/ಕಿನೊಯ್ಟ್’

42ರ ಜಾಗದಲ್ಲಿ ನಿಮ್ಮ ಯಂತ್ರದಲ್ಲಿ ಈಗಿರುವ ಆವೃತ್ತಿಯ ಸಂಖ್ಯೆಯನ್ನೇ ಹಾಕಿ. ಡೆಸ್ಕ್‌ಟಾಪನ್ನೂ ಆವೃತ್ತಿಯನ್ನೂ ಒಂದೇ ಏಟಿಗೆ ಬದಲಿಸಲು ತಂತ್ರ ಅಡ್ಡಿ ಮಾಡುವುದಿಲ್ಲ, ಆದರೆ ಏನಾದರೂ ಕೆಟ್ಟಾಗ ಎರಡರಲ್ಲಿ ಯಾವುದು ಕಾರಣ ಎಂದು ಹುಡುಕುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಹೊಸ ಆವೃತ್ತಿಯಿಂದ ಹಳೆಯದಕ್ಕೆ ಇಳಿಯುವುದಂತೂ ಬೇಡ. ಹೋಮ್‌ನಲ್ಲಿರುವ ಫೈರ್‌ಫಾಕ್ಸ್ ಪ್ರೊಫೈಲು ಒಮ್ಮೆ ಹೊಸ ಫೈರ್‌ಫಾಕ್ಸ್ ಕೈಗೆ ಸಿಕ್ಕಿದ ಮೇಲೆ ಹಳೆಯ ಫೈರ್‌ಫಾಕ್ಸ್ ಅದನ್ನು ತೆರೆಯಲು ಒಪ್ಪುವುದಿಲ್ಲ.

ಡೌನ್‌ಲೋಡ್ ಮುಗಿಯುವವರೆಗೆ ನಿಮ್ಮ ಎಂದಿನ ಕೆಲಸ ಮುಂದುವರಿಸಬಹುದು, ಏಕೆಂದರೆ ನಡೆಯುತ್ತಿರುವ ವ್ಯವಸ್ಥೆಯನ್ನು ಇದು ಮುಟ್ಟುವುದಿಲ್ಲ. ಹೊಸ ಪ್ರತಿ ಪಕ್ಕದಲ್ಲಿ ಸಿದ್ಧವಾಗಿ ಮುಂದಿನ ಬೂಟಿಗಾಗಿ ಕಾಯುತ್ತದೆ. ನಡುವೆ ಕರೆಂಟ್ ಹೋದರೆ ಯಂತ್ರ ಹಳೆಯ ವಿತರಣೆಯಲ್ಲೇ ಏಳುತ್ತದೆ. ಅದೇ ಆದೇಶವನ್ನು ಮತ್ತೆ ಕೊಟ್ಟರೆ ಆಗಲೇ ಇಳಿದಿದ್ದ ಭಾಗಗಳನ್ನು ಬಿಟ್ಟು ಉಳಿದದ್ದಷ್ಟೇ ಇಳಿಯುತ್ತದೆ. ಮುಗಿದ ಮೇಲೆ ಸ್ಟೇಟಸ್ ನೋಡಿ, ಮೇಲಿನ ಸಾಲಿನಲ್ಲಿ ಕಿನೊಯ್ಟ್ ಹೆಸರಿದ್ದರೆ ಮರುಚಾಲನೆ ಮಾಡಿ.

ಇಷ್ಟವಾಗದಿದ್ದರೆ ಹಿಂದಿರುಗಲು ‘ಆರ್‌ಪಿಎಂ-ಓಎಸ್‌ಟ್ರೀ ರೋಲ್‌ಬ್ಯಾಕ್’ ಕೊಟ್ಟು ಮರುಚಾಲನೆ ಮಾಡಬೇಕು. ಪರದೆಯೇ ಬಾರದಿದ್ದರೆ ಯಂತ್ರ ಏಳುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದುಕೊಳ್ಳಿ, ಕೆಲವು ಯಂತ್ರಗಳಲ್ಲಿ ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಬೇಕಾಗುತ್ತದೆ. ಆಗ ಬರುವ ಬೂಟ್ ಪಟ್ಟಿಯಲ್ಲಿ ಹಳೆಯ ಪ್ರತಿಯನ್ನು ಆರಿಸಿಕೊಳ್ಳಬಹುದು.

ಹೊಸ ಮನೆಯಲ್ಲಿ ಹಳೆಯ ಸಾಮಾನು

ವ್ಯವಸ್ಥೆ ಶುದ್ಧವಾಗಿ ಬದಲಾದರೂ ಹೋಮ್ ಡೈರೆಕ್ಟರಿ ಹಳೆಯದೇ ಆಗಿರುವುದರಿಂದ ಗ್ನೋಮ್ ಮತ್ತು ಪ್ಲಾಸ್ಮಾ ಎರಡರ ಸಂಯೋಜನೆಗಳೂ ಒಂದೇ ಕಡೆ ಕಲೆಯುತ್ತವೆ. ಹೋಗುವಾಗ ತೊಂದರೆ ಹೆಚ್ಚು ಕಾಣುವುದಿಲ್ಲ, ಹಿಂದಿರುಗಿದಾಗ ಕಾಣುತ್ತದೆ. ಪ್ಲಾಸ್ಮಾ ತನ್ನ ಬಣ್ಣಗಳು ಗ್ನೋಮ್ ಅಪ್ಲಿಕೇಶನ್‌ಗಳಿಗೂ ಒಪ್ಪಲಿ ಎಂದು ಹೋಮ್‌ನ ‘ಡಾಟ್ ಕಾನ್ಫಿಗ್’ ಒಳಗಿನ ಜಿಟಿಕೆ-3.0 ಮತ್ತು ಜಿಟಿಕೆ-4.0 ಕಡತಕೋಶಗಳಲ್ಲಿ ಬಣ್ಣದ ಕಡತಗಳನ್ನು ಬರೆದಿಡುತ್ತದೆ. ಸಿಲ್ವರ್‌ಬ್ಲೂಗೆ ಮರಳಿದ ಮೇಲೆ ಗ್ನೋಮ್‌ನ ಕಡತ ವೀಕ್ಷಕದ ಬಟನ್‌ಗಳು ಪ್ಲಾಸ್ಮಾದ ವೇಷದಲ್ಲೇ ಕಾಣುತ್ತಿದ್ದರೆ ಅದಕ್ಕೆ ಇದೇ ಕಾರಣ. ಆ ಎರಡು ಕಡತಕೋಶಗಳ ಹೆಸರು ಬದಲಿಸಿ ಲಾಗಿನ್ ಆದರೆ ಸರಿಹೋಗುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯೂ ಬೇರೆ ಬೇರೆ: ಗ್ನೋಮ್‌ನಲ್ಲಿ ಕೀರಿಂಗ್, ಪ್ಲಾಸ್ಮಾದಲ್ಲಿ ಕೆವಾಲೆಟ್. ಹೀಗಾಗಿ ಕ್ರೋಮ್ ಬಗೆಯ ಬ್ರೌಸರ್‌ಗಳಲ್ಲಿ ಲಾಗಿನ್‌ಗಳೆಲ್ಲ ಕಳಚಿಹೋದಂತೆ ಕಾಣಬಹುದು. ಪಾಸ್‌ವರ್ಡುಗಳನ್ನು ಹೊರಡುವ ಮೊದಲೇ ಬ್ರೌಸರಿನಿಂದ ಹೊರತೆಗೆದು ಭದ್ರವಾಗಿ ಇಟ್ಟುಕೊಂಡಿರುವುದು ಒಳ್ಳೆಯದು.

ಸುಮ್ಮನೆ ನೋಡಿ ಬರುವ ಕುತೂಹಲವಷ್ಟೇ ಇದ್ದರೆ ಅದಕ್ಕೊಂದು ಸುಲಭ ದಾರಿಯಿದೆ. ಸಿಲ್ವರ್‌ಬ್ಲೂನಲ್ಲಿ ಇರುವಾಗಲೇ ಇನ್ನೊಬ್ಬ ಬಳಕೆದಾರರನ್ನು ಸೃಷ್ಟಿಸಿ, ಕಿನೊಯ್ಟ್‌ನಲ್ಲಿ ಆ ಹೆಸರಿನಿಂದ ಮಾತ್ರ ಲಾಗಿನ್ ಆಗಿ. ಮೊದಲೇ ಸೃಷ್ಟಿಸಿದರೆ ಎರಡೂ ಕಡೆ ಆ ಹೆಸರು ಗೊತ್ತಿರುತ್ತದೆ, ನಿಮ್ಮ ನಿಜವಾದ ಹೋಮ್ ಡೈರೆಕ್ಟರಿಗೆ ಪ್ಲಾಸ್ಮಾದ ಗಾಳಿಯೂ ಸೋಕುವುದಿಲ್ಲ.

ಕನ್ನಡ ಟೈಪಿಸುವವರಿಗೆ ಒಂದು ಬದಲಾವಣೆ ಕೂಡಲೇ ಗಮನಕ್ಕೆ ಬರುತ್ತದೆ. ಗ್ನೋಮ್‌ನಲ್ಲಿ ಭಾರತೀಯ ಭಾಷೆಗಳನ್ನು ಟೈಪಿಸಲು ನೆರವಾಗುವ ಐಬಸ್ ಜೊತೆಯಲ್ಲೇ ಬೆಸೆದುಕೊಂಡಿರುವುದರಿಂದ ಕೀಬೋರ್ಡ್ ಸಂಯೋಜನೆಯಲ್ಲಿ ಕನ್ನಡವನ್ನು ಸೇರಿಸಿದರೆ ಕೆಲಸ ಮುಗಿಯುತ್ತದೆ. ಪ್ಲಾಸ್ಮಾದಲ್ಲಿ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ವೇಲ್ಯಾಂಡ್ ಬಳಸುವಾಗ, ಸಿಸ್ಟಮ್ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟಕ್ಕೆ ಹೋಗಿ ‘ಐಬಸ್ ವೇಲ್ಯಾಂಡ್’ ಎಂಬುದನ್ನು ಆರಿಸಬೇಕು. ಆ ಹೆಸರಿನ ಪುಟದಲ್ಲಿ ಇದು ಅಡಗಿರಬಹುದೆಂದು ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ಕಗಪ ವಿನ್ಯಾಸದಲ್ಲಿ ಬರೆಯುವವರು ಐಬಸ್‌ನ ಗೊಡವೆಯೇ ಇಲ್ಲದೆ, ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲಿ ಭಾರತದ ಕೆಳಗೆ ಇರುವ ‘ಕನ್ನಡ, ಕಗಪ ಫೊನೆಟಿಕ್’ ಅನ್ನು ನೇರವಾಗಿ ಸೇರಿಸಿಕೊಳ್ಳಬಹುದು. ಇದು ಎರಡೂ ಡೆಸ್ಕ್‌ಟಾಪ್‌ಗಳಲ್ಲಿ ಒಂದೇ ರೀತಿ ನಡೆಯುತ್ತದೆ ಎಂಬ ಕಾರಣಕ್ಕೆ ನಾನು ಬಹುಕಾಲದಿಂದ ಇದನ್ನೇ ಬಳಸುತ್ತಿದ್ದೇನೆ.

ಫೆಡೋರಾದಿಂದ ಆಚೆಗೆ

ಬ್ಲೂಫಿನ್, ಅರೋರಾ, ಬಜೈಟ್‌ಗಳು ಫೆಡೋರಾದ ಭಂಡಾರದಲ್ಲಿ ಇರುವುದಿಲ್ಲ. ಅವು ಕಂಟೇನರ್ ಚಿತ್ರಿಕೆಗಳಾಗಿ, ಅಂದರೆ ಇಡೀ ವ್ಯವಸ್ಥೆಯನ್ನು ಒಂದೇ ಕಟ್ಟಾಗಿ ಕಟ್ಟಿದ ರೂಪದಲ್ಲಿ, ಗಿಟ್‌ಹಬ್‌ನ ಕಂಟೇನರ್ ಭಂಡಾರದಲ್ಲಿವೆ. ಅಲ್ಲಿಗೆ ಹೋಗುವುದು ಎರಡು ಹಂತದ ಕೆಲಸ. ಆ ಚಿತ್ರಿಕೆಗಳ ಸಹಿಯನ್ನು ಪರಿಶೀಲಿಸುವ ಕೀಲಿ ಆ ಚಿತ್ರಿಕೆಗಳೊಳಗೇ ಇರುವುದರಿಂದ ಮೊದಲ ಸಲ ಪರಿಶೀಲನೆ ಇಲ್ಲದೆಯೇ ಇಳಿಸಿಕೊಳ್ಳಬೇಕು: ರೀಬೇಸ್ ಆದೇಶದ ನಂತರ ‘ಓಎಸ್‌ಟ್ರೀ-ಅನ್‌ವೆರಿಫೈಡ್-ರಿಜಿಸ್ಟ್ರಿ:’ ಎಂದು ಹಾಕಿ ಚಿತ್ರಿಕೆಯ ವಿಳಾಸ ಕೊಡುತ್ತೀರಿ. ಮರುಚಾಲನೆಯ ನಂತರ ಅದೇ ವಿಳಾಸಕ್ಕೆ ‘ಓಎಸ್‌ಟ್ರೀ-ಇಮೇಜ್-ಸೈನ್ಡ್:ಡಾಕರ್://’ ಎಂಬ ಮುನ್ನುಡಿಯೊಂದಿಗೆ ಮತ್ತೊಮ್ಮೆ ರೀಬೇಸ್ ಮಾಡಿ ಮರುಚಾಲನೆ ಮಾಡಬೇಕು. ಮೊದಲ ಹಂತದಲ್ಲೇ ಎಲ್ಲವೂ ಸರಿಯಾಗಿ ನಡೆಯುತ್ತಿದೆಯೆಂದು ಎರಡನೆಯದನ್ನು ಬಿಟ್ಟುಬಿಡುವವರಿದ್ದಾರೆ. ಹಾಗೆ ಬಿಟ್ಟರೆ ಮುಂದಿನ ಎಲ್ಲ ಅಪ್‌ಡೇಟ್‌ಗಳೂ ಸಹಿಯ ಪರಿಶೀಲನೆಯಿಲ್ಲದೆ ಬರುತ್ತಿರುತ್ತವೆ, ಇದು ಒಪ್ಪತಕ್ಕ ಸ್ಥಿತಿಯಲ್ಲ.

ಗ್ನೋಮ್ ಇರುವ ಬ್ಲೂಫಿನ್‌ಗೆ ಸಿಲ್ವರ್‌ಬ್ಲೂನಿಂದ, ಪ್ಲಾಸ್ಮಾ ಇರುವ ಅರೋರಾಗೆ ಕಿನೊಯ್ಟ್‌ನಿಂದ ಹೋಗುವುದು ಸೂಕ್ತ. ಬಜೈಟ್ ಎರಡೂ ಬಗೆಗಳಲ್ಲಿ ಸಿಗುತ್ತದೆ, ಹೆಸರನ್ನು ನೋಡಿ ಆರಿಸಿಕೊಳ್ಳಬೇಕು. ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದವರಿಗೆ ಚಾಲಕ ಸಹಿತ ಬೇರೆ ಚಿತ್ರಿಕೆಗಳಿವೆ.

ಯಂತ್ರದಲ್ಲಿ ಸೆಕ್ಯೂರ್ ಬೂಟ್ (ಪರಿಚಿತ ಸಹಿಯಿಲ್ಲದ ವ್ಯವಸ್ಥೆ ಏಳದಂತೆ ತಡೆಯುವ ಸೌಲಭ್ಯ) ಚಾಲೂ ಇದ್ದರೆ ಬಜೈಟ್‌ಗೆ ಹೋದ ಮೊದಲ ಬೂಟಿನಲ್ಲೇ ಸಹಿ ಸರಿಯಿಲ್ಲ ಎಂಬ ಸಂದೇಶ ಬಂದು ಯಂತ್ರ ನಿಲ್ಲಬಹುದು, ಏಕೆಂದರೆ ಅದರ ಕರ್ನೆಲ್ಲಿಗೆ ಸಹಿ ಹಾಕಿದ ಕೀಲಿ ನಿಮ್ಮ ಯಂತ್ರಕ್ಕೆ ಪರಿಚಯವಿಲ್ಲ. ಫರ್ಮ್‌ವೇರ್ ಪುಟಕ್ಕೆ ಹೋಗಿ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಒಳಗೆ ಬಂದು ‘ಯೂಜಸ್ಟ್ ಎನ್‌ರೋಲ್-ಸೆಕ್ಯೂರ್-ಬೂಟ್-ಕೀ’ ಕೊಡಿ. ಮರುಚಾಲನೆ ಮಾಡಿದಾಗ ಬರುವ ನೀಲಿ ಪರದೆಯಲ್ಲಿ ಕೀಲಿಯನ್ನು ನೋಂದಾಯಿಸಲು ಒಪ್ಪಿಗೆ ಕೊಟ್ಟು, ಪಾಸ್‌ವರ್ಡ್ ಕೇಳಿದಲ್ಲಿ ‘ಯೂನಿವರ್ಸಲ್‌ಬ್ಲೂ’ ಎಂದು ಇಂಗ್ಲಿಷಿನಲ್ಲಿ ಜಾಗ ಬಿಡದೆ ಟೈಪ್ ಮಾಡಿ. ಆಮೇಲೆ ಸೆಕ್ಯೂರ್ ಬೂಟನ್ನು ಮತ್ತೆ ಚಾಲೂ ಮಾಡಬಹುದು. ಈ ಚಿತ್ರಿಕೆಗಳಿಗೆ ಬದಲಾಗಲು ರೀಬೇಸ್ ಅಲ್ಲದೆ ‘ಬೂಟ್‌ಸಿ ಸ್ವಿಚ್’ ಎಂಬ ಇನ್ನೊಂದು ಆದೇಶವೂ ಈಗ ಇದೆ, ಆದರೆ ಹೇರಿದ ಪ್ಯಾಕೇಜುಗಳಿರುವ ಯಂತ್ರದಲ್ಲಿ ಅದು ಕೆಲಸ ಮಾಡಲು ನಿರಾಕರಿಸುತ್ತದೆ.

ಒಂದೆರಡು ವಾರ ಹೊಸ ವಿತರಣೆಯಲ್ಲಿ ಕೆಲಸ ಮಾಡಿ, ಪ್ರಿಂಟರು, ಪ್ರೊಜೆಕ್ಟರು, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗಿನ ನಡವಳಿಕೆ ಇವೆಲ್ಲ ಸರಿಯಿವೆ ಎನಿಸಿದ ಮೇಲೆ ಕಾಯ್ದಿಟ್ಟ ಹಳೆಯ ಪ್ರತಿಯನ್ನು ಬಿಟ್ಟುಕೊಡಬಹುದು. ಸ್ಟೇಟಸ್ ಪಟ್ಟಿಯಲ್ಲಿ ಅದು ಮೇಲಿನಿಂದ ಎಷ್ಟನೆಯದು ಎಂದು ಸೊನ್ನೆಯಿಂದ ಎಣಿಸಿ, ಉದಾಹರಣೆಗೆ ಮೂರನೆಯದಾದರೆ ‘ಸುಡೊ ಓಎಸ್‌ಟ್ರೀ ಆಡ್ಮಿನ್ ಪಿನ್ --ಅನ್‌ಪಿನ್ 2’ ಎಂದು ಕೊಡಿ. ಮುಂದಿನ ಅಪ್‌ಡೇಟ್ ಬಂದಾಗ ಅದು ತಾನಾಗಿ ಅಳಿಸಿಹೋಗುತ್ತದೆ, ಅದು ಹಿಡಿದಿದ್ದ ಜಾಗವೂ ಬಿಡುಗಡೆಯಾಗುತ್ತದೆ.